ಊರಿಂದೂರಿಗೆ ಫೈಲು: ಶೆಲ್ ಶಾರ್ಟ್‌ಕಟ್‌ಗಳ ಒಂದು ಸಮೀಕ್ಷೆ

ಗೋಕಾಕ, ಮೂಡಲಗಿ, ಹುಕ್ಕೇರಿ ಬೆಳಗಾವಿ ಜಿಲ್ಲೆಯ ಮೂರು ತಾಲೂಕು ಕೇಂದ್ರಗಳು. ಮೂಡಲಗಿ ಇತ್ತೀಚಿನವರೆಗೂ ಗೋಕಾಕ ತಾಲೂಕಿನಲ್ಲೇ ಇತ್ತು. ತಾಲೂಕು ಬೇರೆಯಾದರೂ ವ್ಯವಹಾರ ಬೇರೆಯಾಗಿಲ್ಲ. ಲೆಕ್ಕಪತ್ರ ನೋಡುವವರು, ಡಿಟಿಪಿ ಕೇಂದ್ರದವರು, ಮದುವೆಯ ವಿಡಿಯೊ ಮಾಡುವವರು, ಪತ್ತಿನ ಸಹಕಾರಿ ಸಂಘದವರು ಒಂದೂರಲ್ಲಿ ಮನೆ, ಇನ್ನೊಂದೂರಲ್ಲಿ ಕಚೇರಿ ಇಟ್ಟುಕೊಂಡು ದುಡಿಯುವುದು ಈ ಭಾಗದಲ್ಲಿ ಹೊಸದಲ್ಲ. ಹೀಗೆ ದುಡಿಯುವವರಿಗೆಲ್ಲ ಒಂದು ಕೆಲಸ ದಿನವೂ ಎದುರಾಗುತ್ತದೆ: ಈ ಕಂಪ್ಯೂಟರಿನಲ್ಲಿರುವ ಫೈಲು ಆ ಕಂಪ್ಯೂಟರಿಗೆ ಹೋಗಬೇಕು.

ಅದಕ್ಕೆ ಸಾಮಾನ್ಯವಾಗಿ ಬಳಕೆಯಲ್ಲಿರುವ ದಾರಿಗಳು ಮೂರು: ಪೆನ್‌ಡ್ರೈವ್, ಇಮೇಲ್, ವಾಟ್ಸ್‌ಆ್ಯಪ್. ಮೂರಕ್ಕೂ ಮಿತಿಯಿದೆ. ಹಳೆಯ ಫ್ಯಾಟ್32 ಬಗೆಯ ಪೆನ್‌ಡ್ರೈವ್ 4 ಜಿಬಿ ಮೀರಿದ ಒಂದು ಫೈಲನ್ನು ಹಿಡಿಯಲಾರದು; ಮದುವೆಯ ವಿಡಿಯೊ ಅದನ್ನು ಸಲೀಸಾಗಿ ದಾಟುತ್ತದೆ. ಜಿಮೇಲ್ ಲಗತ್ತಿನ ಮಿತಿ 25 ಎಂಬಿ. ವಾಟ್ಸ್‌ಆ್ಯಪ್ 2 ಜಿಬಿ ತನಕ ಒಯ್ಯುತ್ತದೆ, ಆದರೆ ಡಾಕ್ಯುಮೆಂಟ್ ಎಂದು ಕಳಿಸದೆ ಫೋಟೊ ಎಂದು ಕಳಿಸಿದರೆ ಚಿತ್ರದ ಗುಣಮಟ್ಟ ಇಳಿಸುತ್ತದೆ. ಎಲ್ಲಕ್ಕಿಂತ ದೊಡ್ಡ ತೊಂದರೆ, ಯಾವ ಪ್ರತಿ ಹೊಸದು, ಯಾವುದು ಹಳೆಯದು ಎಂಬ ಲೆಕ್ಕ ಈ ಮೂರೂ ಇಡುವುದಿಲ್ಲ. ಆ ಹೊಣೆ ಮನುಷ್ಯನ ನೆನಪಿನ ಮೇಲೆ ಬೀಳುತ್ತದೆ.

ಈ ಲೆಕ್ಕ ಇಡಬಲ್ಲ ಉಚಿತ ಸಲಕರಣೆಗಳು ಕಂಪ್ಯೂಟರಿನ ಶೆಲ್‌ನಲ್ಲಿ, ಅಂದರೆ ಆಜ್ಞೆಯನ್ನು ಬರೆದು ಕೆಲಸ ಮಾಡಿಸುವ ಕಪ್ಪು ಪರದೆಯಲ್ಲಿ, ದಶಕಗಳಿಂದ ಇವೆ. ಜನ ಹಿಂಜರಿಯುವುದು ಅವುಗಳ ಉದ್ದ ಕಂಡು. ಬಳಕೆದಾರನ ಹೆಸರು, ಎದುರಿನ ಯಂತ್ರದ ವಿಳಾಸ, ಪೋರ್ಟ್ ಸಂಖ್ಯೆ, ಕೋಶದ (ಫೋಲ್ಡರಿನ) ಪೂರ್ತಿ ದಾರಿ, ನಾಲ್ಕಾರು ಆಯ್ಕೆಗಳು, ಇಷ್ಟನ್ನೂ ಪ್ರತಿ ಸಲ ತಪ್ಪಿಲ್ಲದೆ ಬರೆಯಬೇಕು. ಶೆಲ್ ಶಾರ್ಟ್‌ಕಟ್ ಆ ಉದ್ದವನ್ನು ಒಂದು ಪದಕ್ಕಿಳಿಸುತ್ತದೆ. ಕೀಲಿ ಒತ್ತುವ ಶ್ರಮ ಉಳಿಯುವುದು ಅದರ ಸಣ್ಣ ಲಾಭ. ಚೆನ್ನಾಗಿ ಯೋಚಿಸಿದ ಒಂದು ಸರಿಯಾದ ಪದ್ಧತಿಯನ್ನು ಒಮ್ಮೆ ಬರೆದಿಟ್ಟು, ಮುಂದೆ ಯಾರೇ ಕೂತರೂ ಅದೇ ಪದ್ಧತಿ ನಡೆಯುವಂತೆ ಮಾಡುವುದು ನಿಜವಾದ ಲಾಭ. ಈ ಲೇಖನದ ವಾದ ಇಷ್ಟೇ.

ನಡೆದು ಬಂದ ದಾರಿ

ಜಾಲದ ಮೂಲಕ ಫೈಲು ಸಾಗಿಸುವ ನಿಯಮಾವಳಿಯನ್ನು ಮೊದಲು ಬರೆದವರು ಭಾರತೀಯರು. ಐಐಟಿ ಕಾನ್ಪುರದ ಮೊದಲ ತಂಡದಲ್ಲಿ ಓದಿದ ಅಭಯ ಭೂಷಣ್ ಅಮೆರಿಕದ ಎಂಐಟಿಯಲ್ಲಿದ್ದಾಗ, 1971ರ ಏಪ್ರಿಲ್‌ನಲ್ಲಿ, ಎಫ್‌ಟಿಪಿಯ ಮೊದಲ ಕರಡು ಹೊರತಂದರು. 1983ರ ಬಿಎಸ್‌ಡಿ ಯುನಿಕ್ಸ್‌ನಲ್ಲಿ ಆರ್‌ಸಿಪಿ ಬಂತು. ಒಂದೇ ಯಂತ್ರದೊಳಗೆ ನಕಲು ಮಾಡುವಷ್ಟೇ ಸುಲಭವಾಗಿ ಎರಡು ಯಂತ್ರಗಳ ನಡುವೆ ನಕಲು ಮಾಡಬಹುದೆಂದು ತೋರಿಸಿತು. ಇವೆರಡರಲ್ಲೂ ಒಂದೇ ಕೊರತೆ. ಸಾಗುವ ಮಾಹಿತಿಯನ್ನು ದಾರಿಯಲ್ಲಿ ಕದ್ದು ಓದುವವರಿಂದ ರಕ್ಷಣೆ ಇರಲಿಲ್ಲ.

1995ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಪಾಸ್‌ವರ್ಡ್‌ಗಳ ಕಳವು ನಡೆಯಿತು. ಅಲ್ಲಿದ್ದ ತಾತು ಯುಲೋನೆನ್ ಅದೇ ವರ್ಷ, ಎರಡು ಯಂತ್ರಗಳ ನಡುವಿನ ಮಾಹಿತಿಯನ್ನು ಗೂಢಲಿಪಿಯಲ್ಲಿ ಸಾಗಿಸುವ ಎಸ್‌ಎಸ್‌ಎಚ್ ರಚಿಸಿದರು. ಆರ್‌ಸಿಪಿಯ ಸುರಕ್ಷಿತ ರೂಪವಾಗಿ ಎಸ್‌ಸಿಪಿ ಅದರೊಂದಿಗೆ ಬಂತು. 1999ರಲ್ಲಿ ಓಪನ್‌ಬಿಎಸ್‌ಡಿ ಬಳಗ ಓಪನ್‌ಎಸ್‌ಎಸ್‌ಎಚ್ ಎಂಬ ಮುಕ್ತ ಆವೃತ್ತಿ ಕೊಟ್ಟಿತು; ಇಂದು ಲಿನಕ್ಸ್, ಮ್ಯಾಕ್‌ಗಳಲ್ಲಿರುವುದು ಅದೇ. ವಿಂಡೋಸ್ 10 ಕೂಡ 2018ರಿಂದ ಅದನ್ನು ಸೇರಿಸಿಕೊಂಡೇ ಬರುತ್ತಿದೆ. ಹಾಗಾಗಿ ನಮ್ಮ ಊರುಗಳ ಕಚೇರಿಗಳಲ್ಲಿರುವ ವಿಂಡೋಸ್ ಯಂತ್ರದಲ್ಲೂ ಎಸ್‌ಸಿಪಿ ಈಗಾಗಲೇ ಇದ್ದೀತು, ಬಳಸುವವರಿಗೆ ತಿಳಿದಿಲ್ಲ ಅಷ್ಟೆ.

1996ರಲ್ಲಿ ಆಸ್ಟ್ರೇಲಿಯಾದ ಆ್ಯಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮಕೆರಾಸ್ ಆರ್‌ಸಿಂಕ್ ಪ್ರಕಟಿಸಿದರು. ಎರಡೂ ಕಡೆಯ ಫೈಲುಗಳನ್ನು ತುಂಡುತುಂಡಾಗಿ ತಾಳೆ ನೋಡಿ, ಬದಲಾದ ಭಾಗವನ್ನಷ್ಟೇ ಸಾಗಿಸುವುದು ಅದರ ಸೂತ್ರ. ನಿಧಾನದ ಸಂಪರ್ಕ ಇರುವ ಕಡೆಗೇ ಹೇಳಿ ಮಾಡಿಸಿದ ಸೂತ್ರ ಅದು.

ಶಾರ್ಟ್‌ಕಟ್‌ಗಳ ಹಾದಿ ಬೇರೆ. ಅಲಿಯಾಸ್ ಎಂಬ ಸೌಲಭ್ಯವನ್ನು 1970ರ ದಶಕದ ಕೊನೆಗೆ ಬಿಲ್ ಜಾಯ್ ತಮ್ಮ ಸಿ ಶೆಲ್‌ನಲ್ಲಿ ತಂದರು. 1989ರಲ್ಲಿ ಬ್ರಯಾನ್ ಫಾಕ್ಸ್ ಬರೆದ ಬ್ಯಾಶ್ ಎಂಬ ಶೆಲ್ ಅಲಿಯಾಸ್ ಮತ್ತು ಫಂಕ್ಷನ್ ಎರಡನ್ನೂ ಮನೆಮಾತಾಗಿಸಿತು.

ಮೊದಲ ಹೆಜ್ಜೆ: ಯಂತ್ರಕ್ಕೊಂದು ಹೆಸರು

ಶಾರ್ಟ್‌ಕಟ್ ಎಂದೊಡನೆ ಹಲವರು ಅಲಿಯಾಸ್ ಬರೆಯತೊಡಗುತ್ತಾರೆ. ಅದಕ್ಕೂ ಮೊದಲು ಮಾಡಬೇಕಾದ ಕೆಲಸ ಒಂದಿದೆ. ಮನೆ ಕೋಶದೊಳಗೆ ಚುಕ್ಕೆಯಿಂದ ಆರಂಭವಾಗುವ ಎಸ್‌ಎಸ್‌ಎಚ್ ಕೋಶವಿದ್ದು, ಅದರಲ್ಲಿ ಕಾನ್ಫಿಗ್ ಎಂಬ ಪಠ್ಯ ಫೈಲು ಇರುತ್ತದೆ. ಇಲ್ಲದಿದ್ದರೆ ನಾವೇ ಮಾಡಿಕೊಳ್ಳಬಹುದು. ಅದರಲ್ಲಿ ‘ಗೋಕಾಕ’, ‘ಮೂಡಲಗಿ’, ‘ಹುಕ್ಕೇರಿ’ ಎಂದು ಮೂರು ಯಂತ್ರಗಳನ್ನು ಹೆಸರಿಸಿ, ಪ್ರತಿಯೊಂದರ ಕೆಳಗೆ ಅದರ ವಿಳಾಸ, ಬಳಕೆದಾರನ ಹೆಸರು, ಪೋರ್ಟ್ ಬರೆದಿಟ್ಟರೆ ಸಾಕು. ಮುಂದೆ ಎಸ್‌ಎಸ್‌ಎಚ್, ಎಸ್‌ಸಿಪಿ, ಎಸ್‌ಎಸ್‌ಎಚ್ ಮೂಲಕವೇ ಫೈಲು ಸಾಗಿಸುವ ಎಸ್‌ಎಫ್‌ಟಿಪಿ, ಆರ್‌ಸಿಂಕ್ ನಾಲ್ಕೂ ಊರಿನ ಹೆಸರನ್ನೇ ಅರ್ಥ ಮಾಡಿಕೊಳ್ಳುತ್ತವೆ. ಯಂತ್ರದ ವಿಳಾಸ ಬದಲಾದರೆ ಒಂದು ಸಾಲು ತಿದ್ದಿದರಾಯಿತು. ಈ ಒಂದು ಫೈಲು ಹತ್ತು ಅಲಿಯಾಸ್‌ಗಳ ಕೆಲಸ ಮಾಡುತ್ತದೆ.

ಎರಡನೆಯದು ಕೀಲಿಜೋಡಿ. ಎಸ್‌ಎಸ್‌ಎಚ್-ಕೀಜೆನ್ ಆಜ್ಞೆ ಒಂದು ಗುಪ್ತ ಕೀಲಿ, ಒಂದು ಬಹಿರಂಗ ಕೀಲಿ ತಯಾರಿಸುತ್ತದೆ. ಬಹಿರಂಗದ್ದನ್ನು ಎದುರಿನ ಯಂತ್ರದಲ್ಲಿ ಇಟ್ಟರೆ ಪ್ರತಿ ಸಲ ಪಾಸ್‌ವರ್ಡ್ ಬರೆಯಬೇಕಿಲ್ಲ. ಈಗಿನ ರೂಢಿ ಇಡಿ25519 ಬಗೆಯ ಕೀಲಿ. ಗುಪ್ತ ಕೀಲಿಗೆ ರಕ್ಷಣಾ ಪದ ಕೊಟ್ಟು, ಎಸ್‌ಎಸ್‌ಎಚ್-ಏಜೆಂಟ್‌ಗೆ ಒಪ್ಪಿಸಿದರೆ ದಿನಕ್ಕೊಮ್ಮೆ ಆ ಪದ ಬರೆದರೆ ಸಾಕು. ಪಾಸ್‌ವರ್ಡನ್ನೇ ಶಾರ್ಟ್‌ಕಟ್‌ನೊಳಗೆ ಬರೆದಿಡುವ ಸಲಹೆಯೂ ಅಲ್ಲಲ್ಲಿ ಕೇಳಿಬರುತ್ತದೆ. ಆ ಫೈಲನ್ನು ತೆರೆದವರಿಗೆಲ್ಲ ಪಾಸ್‌ವರ್ಡ್ ಸಿಗುವುದರಿಂದ ಅದನ್ನು ಯಾವ ಕಾರಣಕ್ಕೂ ಮಾಡಬಾರದು.

ಮೂರನೆಯದು, ಒಮ್ಮೆ ತೆರೆದ ಸಂಪರ್ಕವನ್ನೇ ಮತ್ತೆ ಬಳಸುವ ಕಂಟ್ರೋಲ್‌ಮಾಸ್ಟರ್ ಏರ್ಪಾಡು. ಪ್ರತಿ ನಕಲಿಗೂ ಹೊಸದಾಗಿ ಕೈಕುಲುಕುವ ಸಮಯ ಇದರಿಂದ ಉಳಿಯುತ್ತದೆ. ಮೊಬೈಲ್ ಹಾಟ್‌ಸ್ಪಾಟ್‌ನಂಥ ತಡವರಿಸುವ ಸಂಪರ್ಕದಲ್ಲಿ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ವಿಂಡೋಸ್‌ನೊಂದಿಗೆ ಬರುವ ಆವೃತ್ತಿಯಲ್ಲಿ ಈ ಸೌಲಭ್ಯವನ್ನು ನೆಚ್ಚಿಕೊಳ್ಳುವಂತಿಲ್ಲ. ಲಿನಕ್ಸ್, ಮ್ಯಾಕ್‌ಗಳಲ್ಲಿ ಚೆನ್ನಾಗಿ ನಡೆಯುತ್ತದೆ.

ಅಲಿಯಾಸ್ ಎಲ್ಲಿಗೆ ಸಾಕು, ಫಂಕ್ಷನ್ ಎಲ್ಲಿ ಬೇಕು

ಅಲಿಯಾಸ್ ಅಂದರೆ ಒಂದು ಪದಕ್ಕೆ ಬದಲಾಗಿ ಒಂದು ಸಾಲು ಇಡುವುದು, ಅಷ್ಟೆ. ಬದಲಾಗದ ಕೆಲಸಕ್ಕೆ ಅದು ಸಾಕು. ಬೆಳಿಗ್ಗೆ ಗೋಕಾಕದ ಯಂತ್ರದಿಂದ ನಿನ್ನೆಯ ಲೆಕ್ಕದ ಕೋಶ ತರಿಸಿಕೊಳ್ಳುವುದು ಅಂಥದ್ದು. ಆದರೆ ‘ಈ ಫೈಲನ್ನು ಆ ಊರಿಗೆ ಕಳಿಸು’ ಎನ್ನುವಾಗ ಫೈಲೂ ಊರೂ ಪ್ರತಿ ಸಲ ಬೇರೆ, ಮತ್ತು ಅವು ಆಜ್ಞೆಯ ನಡುವೆ ಬರಬೇಕು. ಬ್ಯಾಶ್‌ನ ಅಲಿಯಾಸ್‌ಗೆ ಅದು ಸಾಧ್ಯವಿಲ್ಲ. ಅಲ್ಲಿಗೆ ಫಂಕ್ಷನ್ ಬೇಕು. ಫಂಕ್ಷನ್ ತನಗೆ ಕೊಟ್ಟ ಮೊದಲ ಮಾತನ್ನು ಊರೆಂದೂ ಉಳಿದವನ್ನು ಫೈಲುಗಳೆಂದೂ ತಿಳಿದು, ಊರು ಗೊತ್ತಿಲ್ಲದಿದ್ದರೆ ನಿಂತು ಕೇಳಿ, ಫೈಲು ಇಲ್ಲದಿದ್ದರೆ ಹೇಳಿ, ಆಮೇಲಷ್ಟೇ ಕೆಲಸಕ್ಕೆ ಇಳಿಯಬಲ್ಲದು.

ಇದರ ಬೆಲೆ ಒಂದು ಪ್ರಸಿದ್ಧ ತಪ್ಪಿನಿಂದ ತಿಳಿಯುತ್ತದೆ. ಎಸ್‌ಸಿಪಿಯಲ್ಲಿ ಯಂತ್ರದ ಹೆಸರಿನ ಕೊನೆಗೆ ಕೋಲನ್ ಚಿಹ್ನೆ ಹಾಕಬೇಕು. ಮರೆತರೆ ಎಸ್‌ಸಿಪಿ ದೂರುವುದಿಲ್ಲ. ಊರಿಗೆ ಕಳಿಸುವ ಬದಲು ಅದೇ ಯಂತ್ರದಲ್ಲಿ ‘ಹುಕ್ಕೇರಿ’ ಎಂಬ ಹೆಸರಿನ ಫೈಲೊಂದನ್ನು ಮಾಡಿ ಸುಮ್ಮನಾಗುತ್ತದೆ. ಕಳಿಸಿದವರು ಹೋಯಿತೆಂದು ತಿಳಿಯುತ್ತಾರೆ, ಹುಕ್ಕೇರಿಯವರು ಕಾಯುತ್ತಾರೆ. ಕೋಲನ್ ಚಿಹ್ನೆಯನ್ನು ಫಂಕ್ಷನ್ನೇ ಹಾಕಿದರೆ ಈ ತಪ್ಪಿಗೆ ಜಾಗವೇ ಇಲ್ಲ.

ಇನ್ನೊಂದು ಉಪಯುಕ್ತ ರಚನೆ, ಇದ್ದ ಜಾಗದಿಂದ ಅದೇ ಜಾಗಕ್ಕೆ ಕಳಿಸುವುದು. ಮೂರೂ ಯಂತ್ರಗಳಲ್ಲಿ ಕೋಶಗಳ ವಿನ್ಯಾಸ ಒಂದೇ ಇದ್ದರೆ, ನಾನು ಈಗ ನಿಂತಿರುವ ಕೋಶದ ದಾರಿಯನ್ನು ಫಂಕ್ಷನ್ ತಾನೇ ಓದಿ ಎದುರು ಯಂತ್ರದ ಅದೇ ದಾರಿಗೆ ಫೈಲನ್ನು ಮುಟ್ಟಿಸುತ್ತದೆ. ಆಗ ಹೇಳಬೇಕಾದದ್ದು ಊರು ಮತ್ತು ಫೈಲು ಎರಡೇ. ‘ಕಳಿಸು’, ‘ತರಿಸು’ ಎಂಬ ಎರಡು ಫಂಕ್ಷನ್‌ಗಳಲ್ಲಿ ದಿನದ ಬಹುಪಾಲು ಕೆಲಸ ಮುಗಿಯುತ್ತದೆ.

ಶಾರ್ಟ್‌ಕಟ್‌ಗಳನ್ನು ಬರೆಯುವ ಬ್ಯಾಶ್‌ಆರ್‌ಸಿ ಫೈಲಿನಲ್ಲಿ ಒಂದು ಎಚ್ಚರ ಬೇಕು. ಲಾಗಿನ್ ಆದೊಡನೆ ಸ್ವಾಗತದ ಸಾಲು ತೋರಿಸುವ ಆಜ್ಞೆಯನ್ನು ಅಲ್ಲಿ ಹಾಕುವ ಆಸೆ ಹಲವರಿಗೆ. ದೂರದಿಂದ ಬಂದ ಎಸ್‌ಸಿಪಿ, ಆರ್‌ಸಿಂಕ್‌ಗಳು ಆ ಸಾಲನ್ನೇ ಎದುರು ಯಂತ್ರದ ಉತ್ತರವೆಂದು ಓದಿ ಗೊಂದಲಗೊಂಡು ನಿಲ್ಲುತ್ತವೆ. ಶೆಲ್ ಸ್ವಚ್ಛವಾಗಿದೆಯೇ ಎಂದು ಆರ್‌ಸಿಂಕ್ ಕೇಳುವ ದೋಷಸಂದೇಶಕ್ಕೆ ಬಹಳ ಸಲ ಇದೇ ಕಾರಣ.

ಕರೆಂಟ್ ಹೋದಾಗ

ಎಸ್‌ಸಿಪಿ ಸರಳ. ಆದರೆ ನಮ್ಮ ಊರುಗಳ ಪರಿಸ್ಥಿತಿಗೆ ಆರ್‌ಸಿಂಕ್ ಹೆಚ್ಚು ಒಗ್ಗುತ್ತದೆ. ಒಂದು ಲೆಕ್ಕ ನೋಡಿ. ಕಳಿಸುವ ದಿಕ್ಕಿನ ವೇಗ ಸೆಕೆಂಡಿಗೆ 2 ಮೆಗಾಬಿಟ್ ಎಂದಿಟ್ಟುಕೊಂಡರೆ 1 ಜಿಬಿ ಸಾಗಲು ಒಂದು ತಾಸಿಗಿಂತ ಹೆಚ್ಚು ಬೇಕು. ಮುಕ್ಕಾಲು ತಾಸಿಗೆ ಕರೆಂಟ್ ಹೋದರೆ ಎಸ್‌ಸಿಪಿ ಮೊದಲಿನಿಂದ ಆರಂಭಿಸುತ್ತದೆ. ಆರ್‌ಸಿಂಕ್‌ಗೆ ಪಾರ್ಷಿಯಲ್ ಆಯ್ಕೆ ಕೊಟ್ಟಿದ್ದರೆ ಅಷ್ಟರಲ್ಲಿ ಬಂದದ್ದನ್ನು ಉಳಿಸಿಕೊಂಡು ಮುಂದುವರಿಯುತ್ತದೆ. ಆ ಆಯ್ಕೆ ಕೊಡದಿದ್ದರೆ ಅರ್ಧ ಬಂದದ್ದನ್ನು ಅದೂ ಅಳಿಸಿಬಿಡುತ್ತದೆ. ಆಯ್ಕೆಯನ್ನು ಪ್ರತಿ ಸಲ ನೆನಪಿಡಬೇಕಿಲ್ಲ, ಫಂಕ್ಷನ್‌ನೊಳಗೆ ಒಮ್ಮೆ ಬರೆದರಾಯಿತು.

ಇಲ್ಲಿ ವಿದ್ಯುತ್ತಿನ ವ್ಯವಸ್ಥೆಯೂ ಎಲ್ಲ ಕಡೆ ಒಂದೇ ಅಲ್ಲ. ಗೋಕಾಕ, ಮೂಡಲಗಿಗೆ ಹೆಸ್ಕಾಂ. ಹುಕ್ಕೇರಿ ತಾಲೂಕಿಗೆ 1969ರಲ್ಲಿ ಹುಟ್ಟಿದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ರಾಜ್ಯದಲ್ಲಿ ಈ ಬಗೆಯ ಸಹಕಾರಿ ಸಂಘ ಇದೊಂದೇ. ಒಂದೂರಲ್ಲಿ ಕರೆಂಟ್ ಇದ್ದು ಇನ್ನೊಂದೂರಲ್ಲಿ ಇಲ್ಲದ ಹೊತ್ತು ಇದ್ದೇ ಇರುತ್ತದೆ. ಎರಡೂ ಕಡೆ ಯಂತ್ರ ಚಾಲೂ ಇರುವ ವೇಳೆ ಹಿಡಿದು ಕೆಲಸ ಮುಗಿಸಬೇಕಾದಾಗ, ನಿಂತಲ್ಲಿಂದ ಮುಂದುವರಿಯುವ ಗುಣ ಅನಿವಾರ್ಯವಾಗುತ್ತದೆ.

ಬದಲಾದದ್ದನ್ನಷ್ಟೇ ಕಳಿಸುವ ಗುಣ ಎಲ್ಲ ಫೈಲಿಗೂ ಒಂದೇ ಪ್ರಮಾಣದಲ್ಲಿ ನೆರವಾಗದು. ಪಠ್ಯ, ಲೆಕ್ಕದ ದತ್ತಾಂಶ ಇಂಥವುಗಳಿಗೆ ಬಹಳ ಲಾಭ. ಜೆಪೆಗ್ ಚಿತ್ರ, ಜಿಪ್ ಕಡತ ಮೊದಲೇ ಕುಗ್ಗಿಸಿದಂಥವು. ಅವನ್ನು ತಿದ್ದಿದರೆ ಬಹುಪಾಲು ಬದಲಾಗಿಬಿಡುತ್ತದೆ, ಸಾಗುವಾಗ ಮತ್ತೆ ಕುಗ್ಗಿಸುವ ಆಯ್ಕೆಯಿಂದಲೂ ಏನೂ ಉಳಿಯದು. ಫೋಟೊ ಸ್ಟುಡಿಯೊದವರು ಕುಗ್ಗಿಸುವ ಆಯ್ಕೆ ಬಿಡುವುದು ಒಳ್ಳೆಯದು. ಫ್ಯಾಟ್32 ಪೆನ್‌ಡ್ರೈವ್‌ಗೆ ಆರ್‌ಸಿಂಕ್ ಬಳಸುವವರಿಗೆ ಇನ್ನೊಂದು ಸೂಚನೆ: ಫ್ಯಾಟ್32 ಸಮಯವನ್ನು 2 ಸೆಕೆಂಡಿನ ಹಂತದಲ್ಲಿ ದಾಖಲಿಸುತ್ತದೆ. ಹಾಗಾಗಿ ಬದಲಾಗದ ಫೈಲೂ ಬದಲಾದಂತೆ ಕಂಡು ಮತ್ತೆ ಮತ್ತೆ ನಕಲಾಗುತ್ತದೆ. ಮಾಡಿಫೈ-ವಿಂಡೋ ಆಯ್ಕೆಗೆ 1 ಎಂದು ಕೊಟ್ಟರೆ ಈ ಕಾಟ ತಪ್ಪುತ್ತದೆ.

ಫೈಲಿಗೆ ಕನ್ನಡದ ಹೆಸರು

ಇಂಗ್ಲಿಷಿನ ಕೈಪಿಡಿಗಳು ಅಷ್ಟಾಗಿ ಗಮನಿಸದ, ನಮಗೆ ಮುಖ್ಯವಾದ ಸಂಗತಿ ಇದು. ಯೂನಿಕೋಡ್‌ನಲ್ಲಿ ಕೋಶಕ್ಕೆ ಕನ್ನಡದಲ್ಲೇ ಹೆಸರಿಡಬಹುದು, ಇಡಬೇಕು ಕೂಡ. ಆದರೆ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು. ಲಿನಕ್ಸ್‌ನ ಎಕ್ಸ್‌ಟಿ4 ಕಡತ ವ್ಯವಸ್ಥೆಯಲ್ಲಿ ಒಂದು ಹೆಸರಿಗೆ 255 ಬೈಟ್ ಮಿತಿ. ಅಂದರೆ ಗರಿಷ್ಠ 85 ಸಂಕೇತ. ಒತ್ತಕ್ಷರಕ್ಕೂ ಗುಣಿತಕ್ಕೂ ಬೇರೆ ಬೇರೆ ಸಂಕೇತ ಖರ್ಚಾಗುವುದರಿಂದ ಆಮಂತ್ರಣ ಪತ್ರಿಕೆಯ ಪೂರ್ತಿ ಶೀರ್ಷಿಕೆಯನ್ನು ಫೈಲಿನ ಹೆಸರಾಗಿ ಇಟ್ಟರೆ ಮಿತಿ ಬೇಗ ಮುಟ್ಟುತ್ತದೆ.

ಇನ್ನೂ ಸೂಕ್ಷ್ಮವಾದದ್ದು ಸ್ವರಚಿಹ್ನೆಗಳ ವಿಷಯ. ‘ಗೋಕಾಕ’ ಎಂಬ ಹೆಸರಿನ ಮೊದಲಕ್ಷರದ ಓತ್ವವನ್ನು ಯೂನಿಕೋಡ್ ಒಂದೇ ಸಂಕೇತವಾಗಿಯೂ ಬರೆಯಬಲ್ಲದು, ಮೂರು ಬಿಡಿ ಸಂಕೇತಗಳಾಗಿಯೂ ಬರೆಯಬಲ್ಲದು. ಮೊದಲ ರೀತಿಯಲ್ಲಿ ಹೆಸರು 15 ಬೈಟ್, ಎರಡನೆಯದರಲ್ಲಿ 21. ‘ಹುಕ್ಕೇರಿ’ಯ ಏತ್ವಕ್ಕೂ ಹೀಗೆಯೇ: 24 ಅಥವಾ 27. ‘ಮೂಡಲಗಿ’ಯಲ್ಲಿ ಬಿಡಿಯಾಗುವ ಚಿಹ್ನೆ ಇಲ್ಲ, ಎರಡೂ ರೀತಿಯಲ್ಲಿ 18. ಕಣ್ಣಿಗೆ ಎರಡೂ ಬರಹ ಒಂದೇ. ಎಚ್‌ಎಫ್‌ಎಸ್ ಪ್ಲಸ್ ಎಂಬ ಕಡತ ವ್ಯವಸ್ಥೆ ಬಳಸುವ ಹಳೆಯ ಮ್ಯಾಕ್‌ಗಳು ಹೆಸರನ್ನು ಬಿಡಿಸಿ ಬರೆದಿಡುತ್ತಿದ್ದವು. ಲಿನಕ್ಸ್ ಕೊಟ್ಟದ್ದನ್ನು ಕೊಟ್ಟ ಹಾಗೆ ಇಡುತ್ತದೆ. ಹಾಗಾಗಿ ಇವೆರಡರ ನಡುವೆ ನಕಲು ಮಾಡುವಾಗ ಗೋಕಾಕ, ಹುಕ್ಕೇರಿ ಎಂಬ ಕೋಶಗಳು ಎರಡೆರಡು ಆಗಬಹುದು, ಮೂಡಲಗಿ ಮಾತ್ರ ಒಂದೇ ಉಳಿಯುತ್ತದೆ. ಕಾರಣ ಗೊತ್ತಿಲ್ಲದವರು ತಾಸುಗಟ್ಟಲೆ ತಲೆ ಕೆಡಿಸಿಕೊಳ್ಳುವ ದೋಷ ಇದು.

ಪರಿಹಾರವಿದೆ. 2008ರಲ್ಲಿ ಬಂದ ಆರ್‌ಸಿಂಕ್ 3.0 ಹೆಸರುಗಳನ್ನು ದಾರಿಯಲ್ಲೇ ಪರಿವರ್ತಿಸುವ ಐಕಾನ್ವ್ ಆಯ್ಕೆ ತಂದಿತು. ಮ್ಯಾಕ್ ಬಹುಕಾಲ 2.6.9 ಎಂಬ ಹಳೆಯ ಆವೃತ್ತಿಯನ್ನೇ ಒದಗಿಸುತ್ತಿದ್ದುದರಿಂದ ಹೊಸದನ್ನು ಬೇರೆಯಾಗಿ ಹಾಕಿಕೊಳ್ಳಬೇಕು. ಯಂತ್ರದ ಭಾಷಾ ಹೊಂದಿಕೆ ಯುಟಿಎಫ್-8 ಆಗಿಲ್ಲದಿದ್ದರೆ ಕನ್ನಡದ ಹೆಸರುಗಳು ಪರದೆಯ ಮೇಲೆ ಬರೀ ಅಂಕಿಗಳಾಗಿ ಕಾಣುತ್ತವೆ. ಫೈಲು ಕೆಟ್ಟಿದೆಯೆಂದು ಹೆದರಬೇಕಿಲ್ಲ, ಹೊಂದಿಕೆ ಸರಿಪಡಿಸಿದರೆ ಸಾಕು. ಹೆಸರಿನಲ್ಲಿ ಖಾಲಿ ಜಾಗ ಇದ್ದರೆ ಫಂಕ್ಷನ್‌ನೊಳಗೆ ಆ ಹೆಸರನ್ನು ಉದ್ಧರಣ ಚಿಹ್ನೆಗಳ ನಡುವೆ ಇಡುವುದನ್ನು ಮರೆಯಬಾರದು.

ಅಳಿಸುವ ಆಯ್ಕೆ, ಕೊನೆಯ ಗೆರೆ

ಶಾರ್ಟ್‌ಕಟ್ ಸರಿಯಾದ ಪದ್ಧತಿಯನ್ನು ಹೇಗೆ ಕಾಯುತ್ತದೋ ತಪ್ಪನ್ನೂ ಹಾಗೆಯೇ ಕಾಯುತ್ತದೆ. ಆರ್‌ಸಿಂಕ್‌ನ ಡಿಲೀಟ್ ಆಯ್ಕೆ ಮೂಲದಲ್ಲಿ ಇಲ್ಲದ್ದನ್ನೆಲ್ಲ ಗುರಿಯಲ್ಲಿ ಅಳಿಸುತ್ತದೆ. ಮೂಲವೆಂದು ಖಾಲಿ ಕೋಶವನ್ನು ಕೊಟ್ಟರೆ ಎದುರಿನ ಯಂತ್ರದ ಅಷ್ಟೂ ಕೆಲಸ ಮಾಯ. ಕೋಶದ ಹೆಸರಿನ ಕೊನೆಗೆ ಓರೆಗೆರೆ ಇದ್ದರೆ ಕೋಶದೊಳಗಿನದು ಹೋಗುತ್ತದೆ, ಇಲ್ಲದಿದ್ದರೆ ಕೋಶವೇ ಹೋಗುತ್ತದೆ. ಈ ಒಂದು ಗೆರೆಯ ವ್ಯತ್ಯಾಸ ಡಿಲೀಟ್ ಜೊತೆ ಸೇರಿದಾಗ ಅನಾಹುತಕ್ಕೆ ದಾರಿ.

ಆದ್ದರಿಂದ ಮೂರು ನಿಯಮ. ದಿನಬಳಕೆಯ ‘ಕಳಿಸು’, ‘ತರಿಸು’ಗಳಲ್ಲಿ ಡಿಲೀಟ್ ಇರಬಾರದು. ಅದು ಬೇಕೇ ಬೇಕೆಂದರೆ ಬೇರೆ ಹೆಸರಿನ ಫಂಕ್ಷನ್‌ನಲ್ಲಿರಲಿ. ಆ ಫಂಕ್ಷನ್ ಮೊದಲು ಡ್ರೈ-ರನ್, ಅಂದರೆ ಏನೂ ಮಾಡದೆ ಏನಾಗಲಿದೆ ಎಂಬ ಪಟ್ಟಿ ತೋರಿಸಿ, ನಮ್ಮ ಒಪ್ಪಿಗೆ ಪಡೆದೇ ಮುಂದುವರಿಯಲಿ. ಹೊಸ ಶಾರ್ಟ್‌ಕಟ್‌ಗೆ ಹೆಸರಿಡುವ ಮುನ್ನ ಅದೇ ಹೆಸರಿನ ಆಜ್ಞೆ ಮೊದಲೇ ಇದೆಯೇ ಎಂದು ಟೈಪ್ ಎಂಬ ಆಜ್ಞೆಯಿಂದ ನೋಡಿಕೊಳ್ಳಬೇಕು.

ಎಸ್‌ಸಿಪಿಯ ಬಗ್ಗೆಯೂ ಒಂದು ಮಾತು. 2019ರ ಜನವರಿಯಲ್ಲಿ ಅದರ ಹಳೆಯ ನಿಯಮಾವಳಿಯ ದೌರ್ಬಲ್ಯಗಳು ಬೆಳಕಿಗೆ ಬಂದವು: ದುರುದ್ದೇಶದ ಸರ್ವರ್ ನಾವು ಕೇಳದ ಫೈಲನ್ನೂ ನಮ್ಮ ಯಂತ್ರದಲ್ಲಿ ಬರೆಯಬಹುದಿತ್ತು. ಆ ನಿಯಮಾವಳಿ ಹಳತಾಗಿದೆಯೆಂದು ಓಪನ್‌ಎಸ್‌ಎಸ್‌ಎಚ್ ಬಳಗ ಅದೇ ವರ್ಷ ಹೇಳಿತು. 2022ರ 9.0 ಆವೃತ್ತಿಯಿಂದ ಎಸ್‌ಸಿಪಿ ಆಜ್ಞೆ ಒಳಗಿಂದ ಎಸ್‌ಎಫ್‌ಟಿಪಿಯನ್ನೇ ಬಳಸುತ್ತಿದೆ. ಹಳೆಯ ಆವೃತ್ತಿ ಇಟ್ಟುಕೊಂಡವರು ಹೊಸದಕ್ಕೆ ಬರುವುದು ಕ್ಷೇಮ.

ಊರುಗಳ ನಡುವಿನ ಸಂಪರ್ಕ

ಒಂದೇ ಕಟ್ಟಡದೊಳಗೆ ಇಷ್ಟೆಲ್ಲ ಸಲೀಸು. ಊರಿಂದೂರಿಗೆ ಹೋಗುವಾಗ ಬೇರೊಂದು ತಡೆ ಎದುರಾಗುತ್ತದೆ. ಮೊಬೈಲ್ ಜಾಲದಲ್ಲಿ, ಹಲವು ಬ್ರಾಡ್‌ಬ್ಯಾಂಡ್‌ಗಳಲ್ಲಿ, ಬಹಳ ಗ್ರಾಹಕರು ಒಂದೇ ಸಾರ್ವಜನಿಕ ವಿಳಾಸವನ್ನು ಹಂಚಿಕೊಂಡಿರುತ್ತಾರೆ. ಒಳಗಿನಿಂದ ಹೊರಗೆ ಹೋಗಬಹುದು, ಹೊರಗಿನಿಂದ ನೇರ ಒಳಬರಲಾಗದು. ದಾರಿ ಎರಡು. ಬಾಡಿಗೆಯ ಸಣ್ಣ ಸರ್ವರ್ ಒಂದನ್ನು ನಡುವೆ ಇಟ್ಟುಕೊಂಡು, ಒಳಗಿನ ಯಂತ್ರ ಅದಕ್ಕೆ ಹಿಮ್ಮುಖ ಸುರಂಗ ತೆರೆದಿಡುವುದು, ಕಾನ್ಫಿಗ್ ಫೈಲಿನ ಪ್ರಾಕ್ಸಿಜಂಪ್ ಸಾಲಿನ ಮೂಲಕ ಅಲ್ಲಿಂದ ಹಾಯುವುದು. ಇಲ್ಲವೇ 2020ರಿಂದ ಲಿನಕ್ಸ್ ಕರ್ನೆಲ್‌ನಲ್ಲೇ ಸೇರಿರುವ ವೈರ್‌ಗಾರ್ಡ್ ಬಳಸಿ ಮೂರೂ ಊರಿನ ಯಂತ್ರಗಳಿಗೆ ಒಂದು ಖಾಸಗಿ ಜಾಲ ಕಟ್ಟುವುದು. ಇದಕ್ಕೂ ಸಾರ್ವಜನಿಕ ವಿಳಾಸವಿರುವ ಒಂದು ಯಂತ್ರ ಬೇಕು. ಯಾವುದನ್ನೇ ಆರಿಸಿದರೂ ಸಂಕೀರ್ಣತೆಯೆಲ್ಲ ಕಾನ್ಫಿಗ್ ಫೈಲಿನಲ್ಲಿ ಅಡಗುತ್ತದೆ. ಬಳಸುವವರು ಬರೆಯುವುದು ಊರಿನ ಹೆಸರನ್ನೇ.

ಬೇರೆ ಸಲಕರಣೆಗಳ ಸ್ಥಾನ

ಎಲ್ಲರೂ ಶೆಲ್‌ಗೇ ಬರಬೇಕೆಂಬುದು ಸರಿಯಲ್ಲ. ಯಾವಾಗಾದರೊಮ್ಮೆ ಫೈಲು ಕಳಿಸುವ ವಿಂಡೋಸ್ ಬಳಕೆದಾರರಿಗೆ, ಆಜ್ಞೆ ಬರೆಯದೆ ಮೌಸಿನಿಂದಲೇ ನಡೆಸಬಹುದಾದ ವಿನ್‌ಎಸ್‌ಸಿಪಿ ಸಾಕು. ಎರಡು ಕೋಶಗಳು ಸದಾ ಒಂದೇ ರೀತಿ ಇರಬೇಕೆಂದರೆ ಸಿಂಕ್‌ಥಿಂಗ್ ಒಳ್ಳೆಯದು, ಕೇಳದೆಯೇ ಹೊಂದಿಸುತ್ತದೆ. ಆದರೆ ಅಳಿಸಿದ್ದನ್ನೂ ಕೇಳದೆಯೇ ಹೊಂದಿಸುತ್ತದೆ. ಗ್ರಾಹಕರಿಗೆ ಒಂದು ಕರಡು ತೋರಿಸಲು ವಾಟ್ಸ್‌ಆ್ಯಪ್‌ಗಿಂತ ಸುಲಭ ಬೇರಿಲ್ಲ. ಇಂಟರ್‌ನೆಟ್ ತೀರ ನಿಧಾನವಿದ್ದು ಫೈಲು ನೂರಾರು ಜಿಬಿ ಇದ್ದರೆ ಹಾರ್ಡ್‌ಡಿಸ್ಕ್ ಹಿಡಿದು ಬಸ್ಸು ಹತ್ತುವುದೇ ಬೇಗ. ದಿನವೂ ನಡೆಯುವ, ಪದೇ ಪದೇ ಅದೇ ಕ್ರಮದಲ್ಲಿ ಆಗಬೇಕಾದ, ತಪ್ಪಿದರೆ ನಷ್ಟವಾಗುವ ಕೆಲಸಕ್ಕೆ ಶೆಲ್ ಶಾರ್ಟ್‌ಕಟ್‌ಗೆ ಸರಿಸಾಟಿಯಿಲ್ಲ.

ಮಾಡಬೇಕಾದದ್ದು

ಕಲಿಯಲು ಬೇಕಾದ ಸಾಮಗ್ರಿ ಕನ್ನಡದಲ್ಲೂ ಇದೆ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆ ಲಿನಕ್ಸ್ ಪಾಠಗಳನ್ನು ಕನ್ನಡದ ಧ್ವನಿಯಲ್ಲಿ ಉಚಿತವಾಗಿ ಕೊಡುತ್ತಿದೆ. ಹುಕ್ಕೇರಿ ತಾಲೂಕಿನ ನಿಡಸೋಸಿಯಲ್ಲಿ ಹಿರಾಶುಗರ್ ತಾಂತ್ರಿಕ ಮಹಾವಿದ್ಯಾಲಯವಿದೆ, ಇದೇ ಭಾಗದ ಅರಭಾವಿಯಲ್ಲಿ ತೋಟಗಾರಿಕೆ ಕಾಲೇಜಿದೆ, ಮೂರೂ ಊರುಗಳಲ್ಲಿ ಕಂಪ್ಯೂಟರ್ ಕಲಿಸುವ ಸಂಸ್ಥೆಗಳಿವೆ. ಇಂಥ ಸಂಸ್ಥೆಗಳ ವಿದ್ಯಾರ್ಥಿಗಳು ತಮ್ಮೂರಿನ ಒಂದು ಸಂಘ, ಒಂದು ಮುದ್ರಣಾಲಯ, ಒಂದು ಗ್ರಂಥಾಲಯವನ್ನು ಆರಿಸಿಕೊಂಡು ಅಲ್ಲಿಯ ಯಂತ್ರಗಳಿಗೆ ಹೆಸರಿಟ್ಟು, ಕೀಲಿ ಹೊಂದಿಸಿ, ‘ಕಳಿಸು’, ‘ತರಿಸು’ ಬರೆದುಕೊಟ್ಟರೆ ಅದು ಪರೀಕ್ಷೆಯ ಅಂಕಗಳಿಗಿಂತ ಹೆಚ್ಚು ಬಾಳುವ ಕೆಲಸ.

ಹಾಗೆ ಬರೆಯುವವರಲ್ಲಿ ಒಂದು ಮನವಿ. ಪ್ರತಿ ಫಂಕ್ಷನ್ನಿನ ಮೇಲೆ, ಅದು ಏನು ಮಾಡುತ್ತದೆ, ಏನು ಮಾಡುವುದಿಲ್ಲ, ಯಾವ ಆಯ್ಕೆಯನ್ನು ಏಕೆ ಹಾಕಿದೆ ಎಂದು ಕನ್ನಡದಲ್ಲಿ ಎರಡು ಸಾಲು ಟಿಪ್ಪಣಿ ಬರೆಯಿರಿ. ನೀವು ಕೆಲಸ ಬದಲಿಸಿ ಬೆಂಗಳೂರಿಗೋ ಪುಣೆಗೋ ಹೋದ ಮೇಲೆ ಆ ಕುರ್ಚಿಯಲ್ಲಿ ಕೂರುವವರು ಅದನ್ನು ಓದಿ ತಿದ್ದಲು ಸಾಧ್ಯವಾಗಬೇಕು. ಓದಿ ತಿಳಿಯಲಾಗದ ಶಾರ್ಟ್‌ಕಟ್ ಬರೆದವರು ಇರುವ ತನಕ ಮಾತ್ರ ಬದುಕುತ್ತದೆ. ತಿಳಿಯುವಂಥದು ಆ ಊರಿನ ಆಸ್ತಿಯಾಗುತ್ತದೆ.